ಅಜ್ಜಿಯ ಬಳಿ ರಸೀದಿ ಪುಸ್ತಕವಿಲ್ಲ

ಕಳೆದ ಚಳಿಗಾಲದ ಒಂದು ಶನಿವಾರ ಸಂಜೆ ಅಬುಧಾಬಿಯಲ್ಲಿ ಗೆಳತಿಯೊಬ್ಬಳ ಮಗಳ ಹುಟ್ಟುಹಬ್ಬಕ್ಕೆ ಹೋಗಿದ್ದೆ. ಕೇಕ್ ಕತ್ತರಿಸುವ ಮೊದಲು ಗೋಡೆಯ ದೊಡ್ಡ ಟೀವಿಯಲ್ಲಿ ಒಂದು ವಿಡಿಯೊ ಹಾಕಿದರು. ಬೆಂಗಳೂರಿನ ಹೊರವಲಯದ ಅನಾಥಾಲಯವೊಂದರಲ್ಲಿ ಅಂದು ಮಧ್ಯಾಹ್ನ ನಮ್ಮ ಹುಡುಗಿಯ ಹೆಸರಿನಲ್ಲಿ ಹೋಳಿಗೆ ಊಟ. ಸಾಲಾಗಿ ಕೂತ ಮಕ್ಕಳು ಎಲೆಯ ಮುಂದೆ ಕೈಮುಗಿದು, ತಾವು ಎಂದೂ ಕಾಣದ ಹುಡುಗಿಯ ಹೆಸರು ಹಿಡಿದು ಶುಭಾಶಯ ಹಾಡಿದರು. ಇಲ್ಲಿ ನಾವು ಚಪ್ಪಾಳೆ ತಟ್ಟಿದೆವು. ಒಂದಿಬ್ಬರ ಕಣ್ಣು ಒದ್ದೆಯಾಯಿತು. ನನ್ನದೂ ಆಗಿತ್ತೆಂದು ಒಪ್ಪಿಕೊಳ್ಳಬೇಕು. ನನ್ನ ಮಗನ ಮೂರು ಹುಟ್ಟುಹಬ್ಬಗಳಿಗೆ ನಾನೂ ಇಂಥದೇ ಊಟ ಹಾಕಿಸಿದ್ದೇನೆ, ರಸೀದಿ ಪಡೆದಿದ್ದೇನೆ.

ಅಡುಗೆಮನೆಯ ಬಾಗಿಲಲ್ಲಿ ನಿಂತು ಅದೇ ವಿಡಿಯೊ ನೋಡುತ್ತಿದ್ದ ಇನ್ನೊಬ್ಬಳಿದ್ದಳು. ಆ ಮನೆಯ ಕೆಲಸದಾಕೆ, ಕೋಲಾರ ಜಿಲ್ಲೆಯ ಮುಳಬಾಗಿಲು ಕಡೆಯವಳು. ಊಟವಾದ ಮೇಲೆ ನಾನು ನೀರು ತರಲು ಒಳಗೆ ಹೋದಾಗ ತಟ್ಟೆ ತೊಳೆಯುತ್ತಲೇ ಕೇಳಿದಳು: “ಅಕ್ಕಾ, ನಮ್ಮ ಹುಡುಗರನ್ನೂ ಅಲ್ಲಿ ಸೇರಿಸ್ಕೊಂತಾರಾ?”

“ನಮ್ಮ ಹುಡುಗರು” ಎಂದರೆ ಅವಳ ಅಕ್ಕನ ಮಕ್ಕಳು. ಹೆದ್ದಾರಿಯಲ್ಲಿ ಬೈಕಿಗೆ ಲಾರಿ ಗುದ್ದಿ ಅಕ್ಕ, ಭಾವ ಇಬ್ಬರೂ ಒಂದೇ ದಿನ ಹೋದರು. ದೊಡ್ಡವಳಿಗೆ ಹನ್ನೊಂದು, ಚಿಕ್ಕವನಿಗೆ ಏಳು. ಈಗ ಇಬ್ಬರೂ ಅಜ್ಜಿಯ ಬಳಿ ಇದ್ದಾರೆ. ಅಜ್ಜಿಗೆ ಎಪ್ಪತ್ತರ ಹತ್ತಿರ. ಆಧಾರ್ ಕಾರ್ಡಿನ ಪ್ರಕಾರ ಮಾತ್ರ ಅರವತ್ತೊಂದು. ಕಾರ್ಡು ಮಾಡಿದವನು ಅಂದಾಜಿನಲ್ಲಿ ಬರೆದ ಆ ಅಂಕಿಯಿಂದಾಗಿ, 65 ತುಂಬಿದವರಿಗೆ ತಿಂಗಳಿಗೆ 1,200 ರೂಪಾಯಿ ಕೊಡುವ ಸಂಧ್ಯಾ ಸುರಕ್ಷಾ ಆಕೆಗೆ ಸಿಗುವುದಿಲ್ಲ. ವಿಧವಾ ವೇತನ 800 ರೂಪಾಯಿ ಬರುತ್ತದೆ, ಬಂದ ತಿಂಗಳು. ಉಳಿದದ್ದು ಈ ತಂಗಿ ಕಳಿಸುವ ಹಣ: 1,500 ದಿರ್ಹಮ್ ಸಂಬಳದಲ್ಲಿ 600, ಎಂದರೆ ಸುಮಾರು ಹದಿನಾಲ್ಕು ಸಾವಿರ ರೂಪಾಯಿ. ಅದರಲ್ಲೇ ಅವಳ ಸ್ವಂತ ಮಗಳ ಶಾಲೆ, ತಾಯಿಯ ಔಷಧ, ಈಗ ಈ ಇಬ್ಬರು.

ಅಜ್ಜಿ ಪ್ರೀತಿಯಿಲ್ಲದೆ ಮಕ್ಕಳನ್ನು ಬಿಟ್ಟುಕೊಡಲು ಹೊರಟವಳಲ್ಲ. ಆಕೆಗೆ ಕೈಲಾಗುತ್ತಿಲ್ಲ. ಕೈಲಾಗದಂತೆ ಮಾಡಿದ್ದು ಯಾರು ಎಂಬುದು ನನ್ನ ಪ್ರಶ್ನೆ. ಉತ್ತರದಲ್ಲಿ ಸರ್ಕಾರವಿದೆ, ಕಾನೂನಿದೆ, ಕರಾಮದಲ್ಲೋ ಮುಸಫ್ಫಾದಲ್ಲೋ ಕೂತು ದಾನ ಮಾಡುವ ನಾವೂ ಇದ್ದೇವೆ. ಅಜ್ಜಿಯ ಮಡಿಲಲ್ಲಿರುವ ಮಗುವಿಗೆ ನಾವು ಕಾಸು ಕೊಡುವುದಿಲ್ಲ. ಅದೇ ಮಗು ಅಜ್ಜಿಯನ್ನು ಬಿಟ್ಟು ಸಾಲಿನಲ್ಲಿ ಕೂತು ಹಾಡಿದರೆ ಕೊಡುತ್ತೇವೆ.

ನಮ್ಮ ಪದಗಳನ್ನೇ ನೋಡಿ. ‘ಅನಾಥ’ ಎಂದರೆ ನಾಥನಿಲ್ಲದವನು, ಒಡೆಯನಿಲ್ಲದವನು. ಅಜ್ಜಿ, ಅತ್ತೆ, ದೊಡ್ಡಮ್ಮ, ಚಿಕ್ಕಮ್ಮ ಎಷ್ಟು ಜನ ಬೆನ್ನಿಗಿದ್ದರೂ ಆ ಪದದ ಲೆಕ್ಕದಲ್ಲಿ ಮಗುವಿಗೆ ಯಾರೂ ಇಲ್ಲ. ಅವರಲ್ಲಿ ಯಾರೂ ನಾಥರಲ್ಲವಲ್ಲ. ನಮ್ಮ ಹಳ್ಳಿಗಳಲ್ಲಿ ದಿಕ್ಕಿಲ್ಲದ ಮಗುವಿಗೆ ಇನ್ನೊಂದು ಮಾತೂ ಇದೆ: ಪರದೇಶಿ. ಪರದೇಶದಲ್ಲಿ ಕೂತವರು ನಾವು, ಆ ಹೆಸರು ಹೊತ್ತದ್ದು ಊರಲ್ಲಿ ಉಳಿದ ಮಗು. ‘ಗೋವಿನ ಹಾಡು’ ನಮಗೆಲ್ಲ ಬಾಯಿಪಾಠ. ಪುಣ್ಯಕೋಟಿಯ ಸತ್ಯಕ್ಕೆ, ಹುಲಿಯ ಪಶ್ಚಾತ್ತಾಪಕ್ಕೆ ಪೀಳಿಗೆಗಳಿಂದ ಕಣ್ಣೀರು ಸುರಿಸಿದ್ದೇವೆ. ಆದರೆ ಪುಣ್ಯಕೋಟಿ ಹೊರಡುವ ಮುನ್ನ ತನ್ನ ತಬ್ಬಲಿ ಕರುವನ್ನು ಒಪ್ಪಿಸಿದ್ದು ಹಟ್ಟಿಯ ಇತರ ಹಸುಗಳಿಗೆ. ಆ ಹಸುಗಳಿಗೆ ಹಾಲು ಎಷ್ಟಿತ್ತು, ಅವುಗಳ ಕರುಗಳು ಎಷ್ಟಿದ್ದವು ಎಂದು ಯಾವ ಮೇಷ್ಟರೂ ನಮ್ಮನ್ನು ಕೇಳಲಿಲ್ಲ.

ನನ್ನ ತಾಯಿಯೂ ಇಂಥ ತಬ್ಬಲಿಯೇ. ಗದಗ ಕಡೆಯ ಹಳ್ಳಿಯಲ್ಲಿ ಅವರನ್ನು ಬೆಳೆಸಿದ್ದು ಸೋದರತ್ತೆ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದವರು. ಅಣ್ಣನ ಮಕ್ಕಳನ್ನು ಸಾಕುವುದು ಆಕೆ ತಿನ್ನುವ ರೊಟ್ಟಿಗೆ ಬಾಡಿಗೆಯೆಂದು ಮನೆಯವರೆಲ್ಲ ತಿಳಿದಿದ್ದರು, ಆಕೆಯೂ ಸೇರಿದಂತೆ. ಹೊಲ ಪಾಲಾದಾಗ ಆಕೆಯ ಹೆಸರು ಯಾರ ಬಾಯಿಗೂ ಬರಲಿಲ್ಲ. ಇಂಗ್ಲೆಂಡಿನಲ್ಲಿ ಪಿಎಚ್‌ಡಿ ಮಾಡುವಾಗ ಆರ್ಲಿ ಹಾಕ್‌ಶೀಲ್ಡ್ 2000ದಲ್ಲಿ ಬರೆದ ‘ಜಾಗತಿಕ ಆರೈಕೆ ಸರಪಳಿ’ಯ ಬಗ್ಗೆ ನಾವು ಇಡೀ ಒಂದು ಅವಧಿ ಚರ್ಚಿಸಿದೆವು: ಶ್ರೀಮಂತ ದೇಶದ ಮಗುವನ್ನು ಬಡ ದೇಶದ ತಾಯಿ ನೋಡಿಕೊಳ್ಳುತ್ತಾಳೆ, ಅವಳ ಮಗುವನ್ನು ಅವಳ ಊರಿನ ಇನ್ನೊಬ್ಬಳು, ಹೀಗೆ ಕೆಳಗಿಳಿದಂತೆಲ್ಲ ಸಂಬಳ ಕರಗುತ್ತ ಕೊನೆಯ ಕೊಂಡಿಯಲ್ಲಿ ಸೊನ್ನೆ. ಆ ಸೊನ್ನೆಯ ಜಾಗದಲ್ಲಿ ನನ್ನ ತಾಯಿಯ ಅತ್ತೆ ಕೂತಿದ್ದಾರೆಂದು ನನಗೆ ಅಂದು ಹೊಳೆಯಲೇ ಇಲ್ಲ.

ಇನ್ನು ಕಾಗದಪತ್ರದ ಮಾತು. ಮುಳಬಾಗಿಲಿನ ಅಜ್ಜಿ ಮೊಮ್ಮಗನ ಹೆಸರಿನಲ್ಲಿ ಖಾತೆ ತೆರೆಯಲು ಬ್ಯಾಂಕಿಗೆ ಹೋದರು. “ನೀವು ಮಗುವಿಗೆ ಏನಾಗಬೇಕು?” “ಅಜ್ಜಿ.” “ಕೋರ್ಟ್ ಆರ್ಡರ್ ತನ್ನಿ.” ಆ ಗುಮಾಸ್ತನದು ತಪ್ಪಲ್ಲ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯ್ದೆಯ 6ನೆಯ ಕಲಂ ಪ್ರಕಾರ ಮಗುವಿನ ಸಹಜ ಪೋಷಕ ತಂದೆ, ಅವನ ನಂತರ ತಾಯಿ. ‘ನಂತರ’ ಎಂದರೆ ತಂದೆ ಸತ್ತ ಮೇಲೆ ಮಾತ್ರವಲ್ಲ ಎಂದು ಸರ್ವೋಚ್ಚ ನ್ಯಾಯಾಲಯದಿಂದ ಹೇಳಿಸಲು ಗೀತಾ ಹರಿಹರನ್ 1999ರವರೆಗೆ ಹೋರಾಡಬೇಕಾಯಿತು. ಇಬ್ಬರೂ ಇಲ್ಲದಿದ್ದರೆ? ಆ ಕಲಂನಲ್ಲಿ ಅಜ್ಜಿಗೆ ಜಾಗವಿಲ್ಲ. ಜಾಗವಿರುವುದು ಇನ್ನೊಬ್ಬನಿಗೆ: ಅಪ್ರಾಪ್ತ ಹುಡುಗಿಗೆ ಮದುವೆಯಾಗಿದ್ದರೆ ಗಂಡ ಅವಳ ಸಹಜ ಪೋಷಕ! ಕರ್ನಾಟಕವು 2016ರಲ್ಲಿ ಬಾಲ್ಯವಿವಾಹವನ್ನು ಆರಂಭದಿಂದಲೇ ಅಸಿಂಧುವೆಂದು ತಿದ್ದುಪಡಿ ಮಾಡಿತು. ಆದರೂ ಆ ಹಳೆಯ ಕಾಯ್ದೆಯ ಪುಟದಲ್ಲಿ ಬಾಲವಧುವಿನ ಗಂಡ ಸಹಜ ಪೋಷಕನಾಗಿಯೇ ಕೂತಿದ್ದಾನೆ, ಎದೆಗವಚಿ ಬೆಳೆಸುವ ಅಜ್ಜಿ ಹೊರಗೆ ನಿಂತಿದ್ದಾಳೆ. ಕರಾವಳಿಯ ಬ್ಯಾರಿ ಗೆಳೆಯರು ತಮ್ಮಲ್ಲಿ ಹಾಗಿಲ್ಲ ಎಂದಾರು. ನಿಜ, ಮುಸ್ಲಿಂ ವೈಯಕ್ತಿಕ ಕಾನೂನಿನ ಹಿಜಾನತ್‌ನಲ್ಲಿ ತಾಯಿಯ ನಂತರ ಮಗುವನ್ನು ಸಾಕುವ ಹಕ್ಕು ತಾಯಿಯ ತಾಯಿಗೆ. ಆದರೆ ಮಗುವಿನ ಆಸ್ತಿಯ ಪೋಷಕತ್ವ ಅಲ್ಲೂ ಗಂಡಸರ ಸಾಲಿನಲ್ಲೇ ಸಾಗುತ್ತದೆ. ಮೈ ತೊಳೆಯಲು ಅಜ್ಜಿ, ಸಹಿ ಹಾಕಲು ಅಜ್ಜ.

ಹೀಗಾಗಿ ಯಾವ ಧರ್ಮದ ಅಜ್ಜಿಯಾದರೂ ಕೊನೆಗೆ ಹೋಗಬೇಕಾದದ್ದು 1890ರ ಪೋಷಕರ ಮತ್ತು ಪಾಲ್ಯರ ಕಾಯ್ದೆಯಡಿ, ಜಿಲ್ಲಾ ಕೇಂದ್ರದ ನ್ಯಾಯಾಲಯಕ್ಕೆ. ವಕೀಲರ ಫೀಸು, ಬಸ್ಸಿನ ಖರ್ಚು, ಅಂದಿನ ಕೂಲಿಯ ನಷ್ಟ. ಹತ್ತು ವರ್ಷ ದಾಟಿದ ಮಗು ಬ್ಯಾಂಕ್ ಖಾತೆಯನ್ನು ತಾನೇ ನಡೆಸಬಹುದೆಂದು ರಿಸರ್ವ್ ಬ್ಯಾಂಕ್ ಹೇಳುತ್ತದೆ. ಹನ್ನೊಂದರ ಹುಡುಗಿಯನ್ನು ನಂಬುವ ವ್ಯವಸ್ಥೆ ಎಪ್ಪತ್ತರ ಹೆಂಗಸಿನ ಹೆಬ್ಬೆಟ್ಟನ್ನು ನಂಬುವುದಿಲ್ಲ.

ಯೋಜನೆಗಳಿಲ್ಲವೇ? ಇವೆ, ಮತ್ತು ಅವುಗಳನ್ನು ಹಗುರವಾಗಿ ಕಾಣುವವಳು ನಾನಲ್ಲ. ಗೃಹಲಕ್ಷ್ಮಿಯ 2,000 ರೂಪಾಯಿಯನ್ನು ‘ಬಿಟ್ಟಿ ಭಾಗ್ಯ’ವೆಂದು ಇಲ್ಲಿನ ತೆರಿಗೆಯಿಲ್ಲದ ಸಂಬಳ ಎಣಿಸುತ್ತ ಗೇಲಿ ಮಾಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನನ್ನ ತಕರಾರು ಬೇರೆ. 2021ರ ಮೇ ತಿಂಗಳಲ್ಲಿ ಕರ್ನಾಟಕ ಸರ್ಕಾರ ಬಾಲ ಸೇವಾ ಯೋಜನೆ ಘೋಷಿಸಿತು: ಕೋವಿಡ್‌ನಿಂದ ಹೆತ್ತವರನ್ನು ಕಳೆದುಕೊಂಡ ಮಗುವಿನ ಪೋಷಕರಿಗೆ ತಿಂಗಳಿಗೆ 3,500 ರೂಪಾಯಿ. ಅದೇ ದಿನಗಳಲ್ಲಿ ಕೇಂದ್ರವು ಪಿಎಂ ಕೇರ್ಸ್ ನಿಧಿಯಿಂದ ಅಂಥ ಮಗುವಿಗೆ 23 ತುಂಬಿದಾಗ 10 ಲಕ್ಷ ಎಂದಿತು. ಒಳ್ಳೆಯದೇ. ಆದರೆ ಲಾರಿಯಡಿ ಸತ್ತವರ ಮಕ್ಕಳಿಗೆ? ರೈತನ ಆತ್ಮಹತ್ಯೆಗೆ ಇನ್ನೊಂದು ಕಿಟಕಿ: ಸಾಲದ ದಾಖಲೆ, ಪಹಣಿ ಸರಿಯಿದ್ದರೆ 5 ಲಕ್ಷ ಪರಿಹಾರ. ಆದರೆ ಪಹಣಿ ಹೆಂಗಸಿನ ಹೆಸರಿನಲ್ಲಿ ಇರುವುದೇ ಅಪರೂಪವಾದ್ದರಿಂದ, ಸತ್ತವಳು ರೈತಳೆಂದು ಸಾಬೀತಾಗುವುದೂ ಅಪರೂಪ. ಬಾಗಲಕೋಟೆ, ಬೆಳಗಾವಿ, ವಿಜಯಪುರದ ಹಳ್ಳಿಗಳಲ್ಲಿ ಎಚ್‌ಐವಿ ನಡುವಯಸ್ಸಿನವರನ್ನು ಗುಡಿಸಿಹಾಕಿದ ವರ್ಷಗಳಲ್ಲಿ ಮೊಮ್ಮಕ್ಕಳನ್ನು ಎತ್ತಿಕೊಂಡದ್ದು ಅಜ್ಜಿಯರೇ. ಅವರಿಗಾಗಿ ದೆಹಲಿಯಿಂದ ಯಾರೂ ಭಾಷಣ ಮಾಡಲಿಲ್ಲ. ಒಟ್ಟಿನಲ್ಲಿ ಸರ್ಕಾರ ಕೇಳುವುದು ಅಪ್ಪ ಅಮ್ಮ ಹೇಗೆ ಸತ್ತರು ಎಂದು. ಈಗ ಮಗುವಿಗೆ ಉಣ್ಣಿಸುತ್ತಿರುವವರು ಯಾರು, ಅವರಿಗೆ ಏನಿದೆ ಎಂದು ಕೇಳುವುದಿಲ್ಲ.

ಸಾವಿನ ಕಾರಣ ಕೇಳದ ಒಂದು ದಾರಿ ಇದೆ: ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ. ಬಂಧುಗಳ ಬಳಿ ಬೆಳೆಯುವ ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಷರತ್ತು, ಗ್ರಾಮೀಣ ಕುಟುಂಬದ ವರಮಾನ ವರ್ಷಕ್ಕೆ 72,000 ಮೀರಬಾರದು, ಎಂದರೆ ತಿಂಗಳಿಗೆ ಆರು ಸಾವಿರ. ಅಜ್ಜಿಯ ಮಗಳು ಅಬುಧಾಬಿಯಲ್ಲಿ ಇದ್ದಾಳೆಂದು ಊರಿಗೆಲ್ಲ ಗೊತ್ತು. “ನಿಮಗೇನಮ್ಮ, ದುಬೈ ದುಡ್ಡು ಬರುತ್ತೆ” ಎಂಬ ಒಂದು ಮಾತಿಗೆ ಅರ್ಜಿ ಕೆಳಗಿಳಿಯಿತು. (ನಮ್ಮ ಊರುಗಳಿಗೆ ಅಬುಧಾಬಿಯೂ ದುಬೈಯೇ.) ಆ ‘ದುಬೈ ದುಡ್ಡಿ’ನವಳು ಗೆಳತಿಯ ಮನೆಯ ಅಡುಗೆಮನೆಯ ಪಕ್ಕದ, ಕಿಟಕಿಯಿಲ್ಲದ ಕೋಣೆಯಲ್ಲಿ ಮಲಗುತ್ತಾಳೆ. ಗೆಳತಿ ಕೆಟ್ಟವಳಲ್ಲ, ಸಂಬಳ ತಡಮಾಡಿದವಳಲ್ಲ. ನಮ್ಮ ಎಲ್ಲರ ಮನೆಗಳ ನಕ್ಷೆಯೂ ಹಾಗೆಯೇ ಇದೆ.

ದುಬೈ ಮತ್ತು ಸಾವಿನ ಲೆಕ್ಕದ ಮಾತು ಬಂದಾಗ ಕರಾವಳಿಯವರಿಗೆ 2010ರ ಮೇ 22 ನೆನಪಾಗದೆ ಇರದು. ದುಬೈಯಿಂದ ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ಗುಡ್ಡದಿಂದ ಉರುಳಿ 158 ಮಂದಿ ಸತ್ತರು, ಎಂಟು ಮಂದಿ ಉಳಿದರು. ಹತ್ತು ವರ್ಷಗಳ ಬಳಿಕ, 2020ರಲ್ಲಿ, ಕೊಲ್ಲಿಯ ಕಂಪನಿಯೊಂದರ ಉನ್ನತ ಅಧಿಕಾರಿಯಾಗಿದ್ದವರ ಕುಟುಂಬಕ್ಕೆ ಸರ್ವೋಚ್ಚ ನ್ಯಾಯಾಲಯ 7.64 ಕೋಟಿ ರೂಪಾಯಿ ಪರಿಹಾರ ನಿಗದಿಮಾಡಿತು. ಅಷ್ಟು ವರ್ಷ ಬಿಡದೆ ಹೋರಾಡಿದ ಆ ವಿಧವೆಯ ಬಗ್ಗೆ ನನಗೆ ಗೌರವವಿದೆ. ಕಡಿಮೆ ಸಂಬಳದವರ ಕುಟುಂಬಗಳು ಅದರ ಒಂದು ಚೂರಿಗೆ ಒಪ್ಪಂದ ಮಾಡಿಕೊಂಡು ಸುಮ್ಮನಾದವು. ಲೆಕ್ಕದ ಸೂತ್ರವೇ ಹಾಗಿದೆ: ಸತ್ತವನ ಸಂಬಳ ಎಷ್ಟು, ಇನ್ನೆಷ್ಟು ವರ್ಷ ದುಡಿಯುತ್ತಿದ್ದ. ಉಳಿದ ಮಗುವನ್ನು ಬೆಳೆಸಲು ಬದುಕಿರುವ ಹೆಂಗಸು ಸುರಿಸುವ ವರ್ಷಗಳಿಗೆ ಅದರಲ್ಲಿ ಕಾಲಂ ಇಲ್ಲ. 2001ರ ಜನಗಣತಿ ಮನೆಕೆಲಸದ ಹೆಂಗಸರನ್ನು ಭಿಕ್ಷುಕರು, ಕೈದಿಗಳ ಜೊತೆ ‘ದುಡಿಯದವರ’ ಗುಂಪಿಗೆ ಸೇರಿಸಿದ್ದನ್ನು ಸರ್ವೋಚ್ಚ ನ್ಯಾಯಾಲಯ 2010ರಲ್ಲಿ ಖಂಡಿಸಿತು. 2021ರ ಜನವರಿಯಲ್ಲಿ ಗೃಹಿಣಿಯ ದುಡಿಮೆಗೆ ಕಾಲ್ಪನಿಕ ವರಮಾನ ಕಟ್ಟುವುದನ್ನು ಮತ್ತೆ ಎತ್ತಿಹಿಡಿಯಿತು. ಗಮನಿಸಿ, ಈ ಎಲ್ಲ ತೀರ್ಪುಗಳೂ ಸತ್ತ ಗೃಹಿಣಿಯರ ಕುರಿತಾದವು. ನಮ್ಮಲ್ಲಿ ಹೆಣ್ಣಿನ ಆರೈಕೆಗೆ ಬೆಲೆ ಕಟ್ಟಿಸಬೇಕಾದರೆ ಅವಳು ಲಾರಿಯಡಿ ಬೀಳಬೇಕು.

ನಾವು ಬದುಕುತ್ತಿರುವ ಈ ದೇಶದಲ್ಲಿ ಒಂದು ಪದವಿದೆ: ಕಫಾಲ. ಕೆಲಸಗಾರರ ವೀಸಾವನ್ನು ಮಾಲಿಕನಿಗೆ ಕಟ್ಟಿಹಾಕುವ ವ್ಯವಸ್ಥೆಯ ಹೆಸರಾಗಿ ನಮಗೆಲ್ಲ ಅದು ಗೊತ್ತು. ಇಲ್ಲಿಗೆ ಬಂದ ಮೊದಲ ವರ್ಷ ಅದರ ಮೇಲೆ ಸಿಟ್ಟಿನಿಂದ ಮಾತಾಡದ ಪ್ರಗತಿಪರನಿಲ್ಲ. ಆದರೆ ಇಸ್ಲಾಮೀ ಕಾನೂನಿನಲ್ಲಿ ಅದೇ ಪದ ತಬ್ಬಲಿಯ ಹೊಣೆ ಹೊರುವುದಕ್ಕೂ ಇದೆ. ವಂಶದ ಹೆಸರು ಬದಲಿಸದೆ ಮಗುವನ್ನು ಸಾಕುವ ಆ ಕಫಾಲವನ್ನು 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 20ನೆಯ ವಿಧಿಯೂ ಮನ್ನಿಸಿದೆ. ಒಂದೇ ಪದದ ಒಂದು ಅರ್ಥದಲ್ಲಿ ಮುಳಬಾಗಿಲಿನ ಆ ಹೆಣ್ಣು ಕಫಾಲದ ಅಡಿಯಲ್ಲಿದ್ದಾಳೆ, ಇನ್ನೊಂದರಲ್ಲಿ ತಾನೇ ಇಬ್ಬರು ಮಕ್ಕಳ ಕಫೀಲಳಾಗಿದ್ದಾಳೆ. ಈ ಎರಡನೆಯದನ್ನು ಯಾವ ಕಚೇರಿಯೂ ನಮೂದಿಸುವುದಿಲ್ಲ. ಕುಟುಂಬವನ್ನು ಕರೆತರಲು ಇಲ್ಲಿ ತಿಂಗಳಿಗೆ 4,000 ದಿರ್ಹಮ್, ಇಲ್ಲವೇ ವಸತಿಯ ಜೊತೆ 3,000 ಸಂಬಳ ಬೇಕು. ಅಷ್ಟಿದ್ದರೂ ಅಕ್ಕನ ಮಕ್ಕಳು ಆ ‘ಕುಟುಂಬ’ದ ಸಾಮಾನ್ಯ ಪಟ್ಟಿಯಲ್ಲಿ ಬರುವುದಿಲ್ಲ. ಒಡಹುಟ್ಟಿದವರು ಸತ್ತರೆ ಖಾಸಗಿ ಕಂಪನಿಯ ನೌಕರನಿಗೆ 2021ರ ಕಾರ್ಮಿಕ ಕಾನೂನು ಮೂರು ದಿನದ ಸಂಬಳಸಹಿತ ರಜೆ ಕೊಡುತ್ತದೆ. ಮನೆಕೆಲಸದವರು ಆ ಕಾನೂನಿನ ಹೊರಗೆ. ಅವರಿಗೆಂದೇ 2022ರಲ್ಲಿ ಬಂದ ಕಾನೂನು ವಾರಕ್ಕೊಂದು ರಜೆ, ದಿನಕ್ಕೆ ಹನ್ನೆರಡು ಗಂಟೆ ವಿಶ್ರಾಂತಿ ಕೊಟ್ಟಿತು. ಅದು ದೊಡ್ಡ ಹೆಜ್ಜೆಯೇ. ಅಕ್ಕನ ಮಣ್ಣಿಗೆ ಮಾತ್ರ ಅವಳು ಹೋಗಲಾಗಲಿಲ್ಲ. ಫೋನಿನಲ್ಲಿ ನೋಡಿದಳು.

“ಅಜ್ಜಿಗೆ ದುಡ್ಡು ಕೊಟ್ಟರೆ ಪ್ರೀತಿಯನ್ನು ಕೂಲಿ ಮಾಡಿದಂತಲ್ಲವೇ?” ಎಂದು ಸಂಘದ ಹಿರಿಯರೊಬ್ಬರು ನನ್ನನ್ನು ಕೇಳಿದರು. 1949ರಲ್ಲಿ ಆಸ್ಟ್ರಿಯಾದಲ್ಲಿ ಹೆರ್ಮನ್ ಗ್ಮೈನರ್ ಆರಂಭಿಸಿದ ಎಸ್‌ಒಎಸ್ ಮಕ್ಕಳ ಗ್ರಾಮಗಳು ಇಂದು ಬೆಂಗಳೂರಿನಲ್ಲೂ ಇವೆ. ಅಲ್ಲಿ ಪ್ರತಿ ಮನೆಗೊಬ್ಬ ‘ತಾಯಿ’. ಅವಳಿಗೆ ಸಂಬಳವಿದೆ, ರಜೆಯಿದೆ, ತರಬೇತಿಯಿದೆ. ಅವಳ ಪ್ರೀತಿ ಅದರಿಂದ ಕೆಟ್ಟಿತೆಂದು ಯಾರೂ ದೂರಿಲ್ಲ. ಅಪರಿಚಿತಳಿಗೆ ಸಂಬಳ ಕೊಡುವಾಗ ಕೆಡದ ಪ್ರೀತಿ ಅಜ್ಜಿಗೆ ನಾಲ್ಕು ಸಾವಿರ ಕೊಟ್ಟರೆ ಕೆಡುವುದು ಹೇಗೆ? ಹಿರಿಯರು ನಕ್ಕು ಚಹಾ ತರಲು ಹೋದರು.

ಇನ್ನೊಂದು ಆಕ್ಷೇಪವನ್ನು ಹೀಗೆ ತಳ್ಳಿಹಾಕಲಾರೆ. ಬಂಧುಗಳ ಮನೆ ಎಂದರೆ ಸ್ವರ್ಗವಲ್ಲ. ತಬ್ಬಲಿ ಹುಡುಗಿಯನ್ನು ಶಾಲೆ ಬಿಡಿಸಿ ಕಸಮುಸುರೆಗೆ ಹಚ್ಚುವ ದೊಡ್ಡಪ್ಪಂದಿರಿದ್ದಾರೆ, ಹದಿನಾರಕ್ಕೆ ಮದುವೆ ಮಾಡಿ ಕೈತೊಳೆದುಕೊಳ್ಳುವವರಿದ್ದಾರೆ, ಮಗುವಿನ ಪರಿಹಾರದ ಹಣದ ಮೇಲೆ ಕಣ್ಣಿಟ್ಟ ಮಾವಂದಿರಿದ್ದಾರೆ. ಕೆಲವು ಮಕ್ಕಳಿಗೆ ಅನಾಥಾಲಯವೇ ಗತಿ, ಕೆಲವರಿಗೆ ಅದೇ ರಕ್ಷೆ. ಆದರೆ 2015ರ ಬಾಲನ್ಯಾಯ ಕಾಯ್ದೆಯೇ ಸಂಸ್ಥೆಗೆ ಸೇರಿಸುವುದು ಕೊನೆಯ ಉಪಾಯವಾಗಿರಬೇಕು ಎನ್ನುತ್ತದೆ. ಮಗುವಿನ ಮನೆಗೆ ತಿಂಗಳಿಗೊಮ್ಮೆ ಹೋಗಿ ನೋಡುವ ಒಬ್ಬ ಕಾರ್ಯಕರ್ತೆ, ಅವಳಿಗೊಂದು ಸರಿಯಾದ ಸಂಬಳ, ಇದು ಕಟ್ಟಡಕ್ಕಿಂತ ಅಗ್ಗ. ಅಂಗನವಾಡಿ, ಆಶಾ ಕಾರ್ಯಕರ್ತೆಯರ ತಲೆಯ ಮೇಲೆಯೇ ಇದನ್ನೂ ಗೌರವಧನದ ಹೆಸರಿನಲ್ಲಿ ಹೇರಬಾರದು ಎಂಬುದನ್ನೂ ಹೇಳಿಬಿಡುತ್ತೇನೆ. ಒಬ್ಬ ಹೆಂಗಸಿನ ಪುಕ್ಕಟೆ ದುಡಿಮೆಗೆ ಇನ್ನೊಬ್ಬಳ ಅರೆ ಪುಕ್ಕಟೆ ದುಡಿಮೆಯಿಂದ ತೇಪೆ ಹಾಕುವ ಅಭ್ಯಾಸ ನಮಗೆ ಚೆನ್ನಾಗಿದೆ.

ನಮ್ಮ ಹಣ ಹೋಗುವುದು ಎಲ್ಲಿಗೆ? ಯತೀಂಖಾನೆಗೆ, ಮಠದ ವಿದ್ಯಾರ್ಥಿನಿಲಯಕ್ಕೆ, ಸಿಸ್ಟರ್‌ಗಳು ನಡೆಸುವ ಬಾಲಭವನಕ್ಕೆ. ಈ ಒಂದು ವಿಷಯದಲ್ಲಿ ನಮ್ಮ ಜಾತ್ಯತೀತತೆ ಅಖಂಡ. ಅಲ್ಲಿ ಕಲ್ಲಿನ ಮೇಲೆ ಹೆಸರು ಕೆತ್ತುತ್ತಾರೆ, ಊರಲ್ಲಿ ಬಾಡಿಗೆ ವರಮಾನ ಇರುವವರಿಗೆ 80ಜಿ ರಸೀದಿ ಕೊಡುತ್ತಾರೆ, ವಿಡಿಯೊ ಕಳಿಸುತ್ತಾರೆ. ಅಜ್ಜಿಯ ಬಳಿ ರಸೀದಿ ಪುಸ್ತಕವಿಲ್ಲ. ಆಕೆಯ ಮೊಮ್ಮಕ್ಕಳು ನಮಗಾಗಿ ಹಾಡುವುದೂ ಇಲ್ಲ. ಹಾಸಿಗೆಗಳು ತುಂಬಿದಷ್ಟೂ ದೇಣಿಗೆ ಬರುತ್ತದೆ ಎಂದಾದ ಮೇಲೆ, ಹಾಸಿಗೆ ತುಂಬಿಸಲು ಹಳ್ಳಿಗೆ ಹೋಗಿ ಅಜ್ಜಿಯರ ಮನವೊಲಿಸುವವರೂ ಹುಟ್ಟಿಕೊಳ್ಳುತ್ತಾರೆ.

ಇಲ್ಲಿ ಪರವಾನಗಿ ಇಲ್ಲದೆ ದೇಣಿಗೆ ಎತ್ತುವುದು 2021ರ ಕಾನೂನಿನ ಪ್ರಕಾರ ಅಪರಾಧ. ವಾಟ್ಸ್ಯಾಪ್ ಗುಂಪಿನಲ್ಲಿ ಹಣ ಕೂಡಿಸಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಅದರ ಅಗತ್ಯವೂ ಇಲ್ಲ. ನಿಮ್ಮ ಮನೆಯಲ್ಲೇ ಕೆಲಸ ಮಾಡುವವಳಿಗೆ ಸಂಬಳ ಏರಿಸಬಹುದು, ಅದಕ್ಕೆ ಯಾರ ಅಪ್ಪಣೆಯೂ ಬೇಡ. ನಿಮ್ಮದೇ ಊರಿನ, ನಿಮ್ಮದೇ ಬಳಗದ ಒಬ್ಬ ಅತ್ತೆ, ಒಬ್ಬ ಅಜ್ಜಿಯ ಖಾತೆಗೆ ನಿಮ್ಮ ಉಳಿತಾಯದಿಂದ ತಿಂಗಳು ತಿಂಗಳು ಕಳಿಸಬಹುದು. ಹುಟ್ಟುಹಬ್ಬಕ್ಕೊಂದು ಬಾರಿ ಅಲ್ಲ, ತಿಂಗಳು ತಿಂಗಳು. ಕೋಲಾರದಲ್ಲೋ ಕೊಪ್ಪಳದಲ್ಲೋ ಪೋಷಕತ್ವದ ಅರ್ಜಿ ಹಾಕಲು ಒಬ್ಬ ವಕೀಲರ ಫೀಸು ಭರಿಸಬಹುದು. ಸಂಘಗಳ ವೇದಿಕೆಗೆ ನವೆಂಬರ್‌ನಲ್ಲಿ ಬರುವ ಮಂತ್ರಿಗಳಿಗೆ ಮೈಸೂರು ಪೇಟ ತೊಡಿಸುವ ಮುನ್ನ ಕೇಳಬಹುದು: ವಾತ್ಸಲ್ಯದ 72,000ದ ಮಿತಿಯನ್ನು ತೆಗೆಸಲು ನೀವು ದೆಹಲಿಗೆ ಎಷ್ಟು ಪತ್ರ ಬರೆದಿದ್ದೀರಿ? ಹೆತ್ತವರು ಹೇಗೆ ಸತ್ತರೂ ಸಾಕುವವಳ ಹೆಸರಿಗೇ ಸಲ್ಲುವ ಒಂದು ವೇತನ ಯಾಕಿಲ್ಲ? ಅಜ್ಜಿಯ ಪೋಷಕತ್ವವನ್ನು ನ್ಯಾಯಾಲಯಕ್ಕೆ ಅಟ್ಟದೆ, ಪಂಚಾಯಿತಿಯ ಮಟ್ಟದಲ್ಲಿ ಬಾಲಕಲ್ಯಾಣ ಸಮಿತಿಯ ಮುದ್ರೆಯೊಂದಿಗೆ ದಾಖಲಿಸಲು ಏನು ಅಡ್ಡಿ?

ಅಡುಗೆಮನೆಯ ಪ್ರಶ್ನೆಗೆ ಅಂದು ನಾನು ಉತ್ತರಿಸಲಿಲ್ಲ. “ನೋಡೋಣ” ಎಂದೆ; ನಮ್ಮ ವರ್ಗದವರು ‘ಇಲ್ಲ’ ಎನ್ನುವುದು ಹೀಗೆಯೇ ಎಂದು ಅವಳಿಗೆ ಗೊತ್ತಿತ್ತು. ಎರಡು ವಾರದ ಬಳಿಕ ನಾನೂ ಗೆಳತಿಯೂ ಸೇರಿ ಕೋಲಾರದ ವಕೀಲೆಯೊಬ್ಬರನ್ನು ಹಿಡಿದೆವು. ಅರ್ಜಿ ದಾಖಲಾಗಿದೆ. ಅಪಘಾತದ ಪರಿಹಾರದ ಮೊಕದ್ದಮೆ ಬೇರೆಯೇ ನಡೆದಿದೆ. ಗೆದ್ದರೂ ಮಕ್ಕಳ ಪಾಲು ಹದಿನೆಂಟು ತುಂಬುವವರೆಗೆ ಠೇವಣಿಯಲ್ಲಿ ಇರುತ್ತದೆ, ಅಷ್ಟು ವರ್ಷ ಉಣ್ಣಿಸುವುದು ಅಜ್ಜಿಯೇ. ಮೊದಲ ತಾರೀಖಿಗೆ ಆಕೆ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಬೆಳಗಿನ ಬಸ್ಸಿಗೆ ಹೋಗಿದ್ದರು. ನ್ಯಾಯಾಧೀಶರು ರಜೆ. ಮುಂದಿನ ತಾರೀಖಿಗೆ ಮಕ್ಕಳ ಶಾಲಾ ದಾಖಲೆ, ಮರಣ ಪ್ರಮಾಣಪತ್ರ, ಮತ್ತು ಅಜ್ಜಿಯ ವಯಸ್ಸಿನ ದಾಖಲೆ ತರಲು ಹೇಳಿದ್ದಾರೆ. ಕಾರ್ಡಿನಲ್ಲಿರುವ ಅರವತ್ತೊಂದನ್ನೇ ಉಳಿಸಿಕೊಳ್ಳಿ ಎಂದು ವಕೀಲೆ ಸಲಹೆ ಕೊಟ್ಟರು. ವಯಸ್ಸು ಕಡಿಮೆಯಿದ್ದರೆ ಸಂಧ್ಯಾ ಸುರಕ್ಷಾ ಸಿಗುವುದಿಲ್ಲ, ಹೆಚ್ಚಿದ್ದರೆ ಈ ಮುದುಕಿ ಮಕ್ಕಳನ್ನು ಹೇಗೆ ಸಾಕಿಯಾಳು ಎಂದು ಎದುರಿನವರು ವಾದಿಸಬಹುದಂತೆ.